ಮಂಡಿ ಸುತ್ತಲಿನ ನೀರುಗಂಟುಗಳು ಮತ್ತು ಎಂಆರ್‌ಐ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿಯ ಎಂಆರ್‌ಐ ಚಿತ್ರಗಳನ್ನು ಓದಿ ವರದಿ ಬರೆಯುವುದು ನನ್ನ ದಿನನಿತ್ಯದ ಕೆಲಸ. ವರದಿ ಕೈಗೆ ಬಂದವರು, ಅವರ ಮನೆಯವರು, ಫಿಸಿಯೋಥೆರಪಿಸ್ಟ್‌ಗಳು, ಈಗಷ್ಟೇ ರೇಡಿಯಾಲಜಿ ಕಲಿಯುತ್ತಿರುವ ಕಿರಿಯ ವೈದ್ಯರು ಮಾತಿನಲ್ಲೂ ಪತ್ರದಲ್ಲೂ ತಿರುತಿರುಗಿ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ. ಗಂಟು ಕಂಡ ಕೂಡಲೇ ಎಲ್ಲರ ಗಮನವೂ ಅದರ ಗಾತ್ರದ ಮೇಲೆ ಹೋಗುತ್ತದೆ. ಆದರೆ ಆ ನೀರು ಎಲ್ಲಿಂದ ಬಂತು ಎಂದು ಹುಡುಕುವುದಕ್ಕೇ ಎಂಆರ್‌ಐ ಇರುವುದು. ನಿಮ್ಮ ಕಾಲನ್ನು ಮುಟ್ಟಿ ನೋಡಿದ ವೈದ್ಯರ ಮಾತಿಗೆ ಈ ಬರಹ ಬದಲಿಯಲ್ಲ.

## ಗಂಟು ಕಂಡ ಮೊದಲ ದಿನಗಳಲ್ಲಿ

ಅಮ್ಮನಿಗೆ ಮಂಡಿ ಹಿಂದೆ ನಿಂಬೆಹಣ್ಣಿನಷ್ಟು ಗಂಟು ಬಂದಿದೆ. ಕಾಲು ಚಾಚಿದರೆ ಗಟ್ಟಿ, ಮಡಿಸಿದರೆ ಮೆತ್ತಗೆ. ಏನಿರಬಹುದು ಡಾಕ್ಟ್ರೇ?

ಬಹುಮಟ್ಟಿಗೆ ಬೇಕರ್ ಸಿಸ್ಟ್. ಮಂಡಿಯ ಹಿಂಬದಿಯ ಒಳಮಗ್ಗುಲಲ್ಲಿ ಎರಡು ಸ್ನಾಯುರಜ್ಜುಗಳು ಪಕ್ಕಪಕ್ಕದಲ್ಲಿ ಹಾದುಹೋಗುತ್ತವೆ. ಒಂದು ತೊಡೆಯಿಂದ ಇಳಿದು ಬರುವ ಸೆಮಿಮೆಂಬ್ರನೋಸಸ್ ಸ್ನಾಯುವಿನದು, ಇನ್ನೊಂದು ಮೀನಖಂಡದ ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯುವಿನ ಒಳತಲೆಯದು. ಇವೆರಡು ಒಂದಕ್ಕೊಂದು ಉಜ್ಜದಂತೆ ನಡುವೆ ಒಂದು ತೆಳುವಾದ ಚೀಲ ಇರುತ್ತದೆ. ಅದನ್ನು ಬರ್ಸಾ ಎನ್ನುತ್ತೇವೆ. ಅನೇಕ ವಯಸ್ಕರಲ್ಲಿ ಈ ಚೀಲಕ್ಕೂ ಕೀಲಿನ ಒಳಗಿಗೂ ನಡುವೆ ಒಂದು ಸಣ್ಣ ಕಂಡಿ ಇರುತ್ತದೆ. ಕೀಲಿನಲ್ಲಿ ನೀರು ಹೆಚ್ಚಾದಾಗ ಅದು ಕಂಡಿಯಿಂದ ಹಿಂದಕ್ಕೆ ನುಗ್ಗಿ ಚೀಲವನ್ನು ಉಬ್ಬಿಸುತ್ತದೆ. ಕಾಲು ಚಾಚಿದರೆ ರಜ್ಜುಗಳು ಬಿಗಿದು ಚೀಲವನ್ನು ಒತ್ತುತ್ತವೆ, ಗಂಟು ಗಟ್ಟಿಯಾಗುತ್ತದೆ. ಮಡಿಸಿದರೆ ಸಡಿಲವಾಗುತ್ತದೆ. ಮನೆಯಲ್ಲಿ ನೀವು ಗಮನಿಸಿದ್ದನ್ನೇ ವೈದ್ಯರೂ ಪರೀಕ್ಷೆಯಲ್ಲಿ ಹುಡುಕುತ್ತಾರೆ, ಅದಕ್ಕೆ ಫೂಷೆ ಚಿಹ್ನೆ ಎಂದು ಹೆಸರು. ಎರಡೂ ಭಂಗಿಯಲ್ಲಿ ಗಂಟು ಒಂದೇ ಸಮ ಗಟ್ಟಿಯಾಗಿದ್ದರೆ ಬೇರೆ ಏನೋ ಇರಬಹುದೆಂಬ ಎಚ್ಚರ ಬೇಕು.

ಬೇಕರ್ ಅಂದರೆ ಬೇಕರಿ ಕೆಲಸದವರಿಗೆ ಬರುವ ಕಾಯಿಲೆಯಾ?

ಇಲ್ಲ. ವಿಲಿಯಂ ಮೊರಾಂಟ್ ಬೇಕರ್ ಎಂಬ ಲಂಡನ್ನಿನ ಶಸ್ತ್ರವೈದ್ಯರು 1877ರಲ್ಲಿ ಇದರ ಬಗ್ಗೆ ವಿವರವಾಗಿ ಬರೆದರು, ಅವರ ಹೆಸರು ನಿಂತಿತು. ಅವರಿಗಿಂತ ಮುಂಚೆ, 1840ರಲ್ಲೇ, ಡಬ್ಲಿನ್ನಿನ ರಾಬರ್ಟ್ ಆಡಮ್ಸ್ ಇದನ್ನು ಗುರುತಿಸಿದ್ದರು. ಬೇಕರ್ ಅವರ ಮುಖ್ಯ ಕೊಡುಗೆ ಎಂದರೆ ಗಂಟಿನ ನೀರು ಕೀಲಿನಿಂದಲೇ ಬರುತ್ತದೆ, ಮೂಲ ಕಾಯಿಲೆ ಕೀಲಿನೊಳಗೇ ಇದೆ ಎಂದು ತೋರಿಸಿದ್ದು. ಸ್ಕ್ಯಾನ್ ಎಂಬುದೇ ಇಲ್ಲದ ಕಾಲದಲ್ಲಿ ಅವರು ಕಂಡುಕೊಂಡ ಈ ಮಾತು ಇವತ್ತಿನ ಪ್ರತಿ ಎಂಆರ್‌ಐ ಓದಿನಲ್ಲೂ ನನಗೆ ಉಪಯೋಗಕ್ಕೆ ಬರುತ್ತದೆ.

ಸಿಸ್ಟ್, ಗ್ಯಾಂಗ್ಲಿಯಾನ್, ಬರ್ಸೈಟಿಸ್ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಎಲ್ಲಾ ಒಂದೇನಾ?

ಹೊರಗಿನಿಂದ ಮುಟ್ಟಿದರೆ ಒಂದೇ, ಒಳಗೆ ಬೇರೆ ಬೇರೆ. ಬರ್ಸಾ ಹುಟ್ಟಿನಿಂದಲೇ ಇರುವ ಚೀಲ. ಉಜ್ಜಿ, ಪೆಟ್ಟಾಗಿ, ಸೋಂಕು ತಗುಲಿ ಅದರಲ್ಲಿ ನೀರು ತುಂಬಿದರೆ ಬರ್ಸೈಟಿಸ್. ಕೀಲಿನ ಒಳಪದರವಾದ ಸೈನೋವಿಯಲ್ ಪೊರೆಯನ್ನೇ ಗೋಡೆಯಾಗಿ ಹೊಂದಿ, ಕೀಲಿನ ನೀರು ತುಂಬಿಕೊಂಡು ಹೊರಚಾಚಿದ್ದು ಸೈನೋವಿಯಲ್ ಸಿಸ್ಟ್. ಗ್ಯಾಂಗ್ಲಿಯಾನ್‌ಗೆ ಅಂಥ ಪೊರೆ ಇರುವುದಿಲ್ಲ, ನಾರಿನ ಗೋಡೆಯ ಒಳಗೆ ಅಂಟಂಟಾದ ಲೋಳೆ ಇರುತ್ತದೆ. ಮೆನಿಸ್ಕಸ್ ಎಂಬ ಮೆತ್ತೆ ಸೀಳಿ ಅದರಿಂದ ಒಸರಿದ ನೀರು ಪಕ್ಕದಲ್ಲಿ ಗಂಟಾದರೆ ಮೆನಿಸ್ಕಸ್ ಸಿಸ್ಟ್. ಗೋಡೆಯಲ್ಲಿ ಯಾವ ಪೊರೆ ಇದೆ ಎಂದು ಎಂಆರ್‌ಐ ನೇರವಾಗಿ ಹೇಳಲಾರದು. ಗಂಟು ಕುಳಿತ ಜಾಗ, ಅದು ಹೊರಟ ಕಿರಿದಾದ ಕತ್ತು ಯಾವ ಕಡೆ ಹೋಗಿದೆ, ಯಾವುದಕ್ಕೆ ಅಂಟಿದೆ ಎಂಬುದರಿಂದ ಹೆಸರು ಕೊಡುತ್ತೇವೆ.

ಅಲ್ಟ್ರಾಸೌಂಡಿನಲ್ಲೇ ನೀರಿನ ಗಂಟು ಅಂತ ಗೊತ್ತಾಯ್ತಲ್ಲ, ಮತ್ತೆ ಎಂಆರ್‌ಐ ಯಾಕೆ ಮಾಡಿಸಬೇಕು?

ಎಲ್ಲರಿಗೂ ಬೇಕಾಗಿಲ್ಲ. ಮಂಡಿ ಹಿಂದಿನ ಗಂಟಿನಲ್ಲಿ ನೀರಿದೆಯೋ ಇಲ್ಲವೋ, ರಕ್ತನಾಳದ ಜೊತೆ ಅದಕ್ಕೇನು ಸಂಬಂಧ, ಸೂಜಿ ಹಾಕಲು ದಾರಿ ಎಲ್ಲಿದೆ ಎಂಬುದಕ್ಕೆಲ್ಲ ಅಲ್ಟ್ರಾಸೌಂಡ್ ಸಾಕು, ಬೇಗನೂ ಆಗುತ್ತದೆ. ವಯಸ್ಸಾದವರ ಸವೆದ ಮಂಡಿಯಲ್ಲಿ ಎಕ್ಸ್‌ರೇ ಮತ್ತು ಅಲ್ಟ್ರಾಸೌಂಡ್ ಎರಡರಿಂದಲೇ ಬಹಳ ಸಲ ಕೆಲಸ ಮುಗಿಯುತ್ತದೆ.

ಅಲ್ಟ್ರಾಸೌಂಡ್ ಅಲೆಗಳು ಮೂಳೆಯನ್ನು ದಾಟಲಾರವು. ಕೀಲಿನ ಒಳಗೆ ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟುಗಳು, ಮೆನಿಸ್ಕಸ್‌ನ ಒಳಭಾಗ, ಮೂಳೆತುದಿಯ ನುಣುಪು ಹೊದಿಕೆಯಾದ ಕಾರ್ಟಿಲೇಜಿನ ಬಹುಪಾಲು, ಮೂಳೆಯ ಒಳಗೆ ನಡೆದದ್ದು ಅದಕ್ಕೆ ಕಾಣುವುದಿಲ್ಲ. ಮಂಡಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಪೆಟ್ಟಿನ ನಂತರ ಗಂಟು ಬಂದಿದ್ದರೆ, ಗಂಟು ಎಂದಿನ ಜಾಗದಲ್ಲಿ ಇಲ್ಲದಿದ್ದರೆ, ಅಲ್ಟ್ರಾಸೌಂಡಿನಲ್ಲಿ ಒಳಗೆ ಗಟ್ಟಿ ಭಾಗ ಕಂಡಿದ್ದರೆ, ಪಾದ ಎತ್ತಲಾಗದಿದ್ದರೆ, ಶಸ್ತ್ರಚಿಕಿತ್ಸೆಯ ಮಾತು ಬಂದಿದ್ದರೆ ಎಂಆರ್‌ಐ ಬೇಕೇ ಬೇಕು.

ಮಗನಿಗೆ ಆರು ವರ್ಷ. ಮಂಡಿ ಹಿಂದೆ ಬೇಕರ್ ಸಿಸ್ಟ್ ಅಂದಿದ್ದಾರೆ. ಇಷ್ಟು ಚಿಕ್ಕವನಿಗೆ ಮಂಡಿ ಸವೆದಿದೆಯಾ?

ಸವೆದಿಲ್ಲ, ಗಾಬರಿ ಬೇಡ. ಮಕ್ಕಳ ಬೇಕರ್ ಸಿಸ್ಟ್‌ನ ಕಥೆಯೇ ಬೇರೆ. ಹೆಚ್ಚಿನ ಮಕ್ಕಳಲ್ಲಿ ಕೀಲಿನೊಳಗೆ ಏನೂ ತೊಂದರೆ ಇರುವುದಿಲ್ಲ, ಚೀಲಕ್ಕೂ ಕೀಲಿಗೂ ಕಂಡಿಯೂ ಇರುವುದಿಲ್ಲ. ಬರ್ಸಾ ತಾನಾಗಿ ಉಬ್ಬಿರುತ್ತದೆ, ತಿಂಗಳುಗಳು ಅಥವಾ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಲ್ಟ್ರಾಸೌಂಡಿನಲ್ಲಿ ನೀರು ಎಂದು ಖಚಿತವಾದರೆ ಕಾಯುವುದೇ ಚಿಕಿತ್ಸೆ. ಗಂಟು ನೋಯುತ್ತಿದ್ದರೆ, ಬೆಳೆಯುತ್ತಲೇ ಇದ್ದರೆ, ಮಧ್ಯಗೆರೆಯಲ್ಲೋ ಹೊರಮಗ್ಗುಲಲ್ಲೋ ಇದ್ದರೆ ಆಗ ಎಂಆರ್‌ಐ. ಜೊತೆಗೆ ಬೆಳಗ್ಗೆ ಮಂಡಿ ಬಿಗಿಯುವುದು, ಊತ ಇದ್ದರೆ ಮಕ್ಕಳ ಸಂಧಿವಾತದ ಕಡೆಗೂ ಗಮನ ಕೊಡಬೇಕು.

## ಸ್ಕ್ಯಾನಿನ ಕೋಣೆಯಲ್ಲಿ

ಎಂಆರ್‌ಐಗೆ ನೀರು ಯಾವುದು, ಮಾಂಸ ಯಾವುದು ಅಂತ ಹೇಗೆ ತಿಳಿಯುತ್ತೆ?

ನೀರಿನಲ್ಲೂ ಕೊಬ್ಬಿನಲ್ಲೂ ಹೈಡ್ರೋಜನ್ ತುಂಬಿದೆ. ಅದರ ಪ್ರತಿಯೊಂದು ಪರಮಾಣುವಿನ ತಿರುಳೂ ಪುಟ್ಟ ಕಾಂತದಂತೆ ವರ್ತಿಸುತ್ತದೆ. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಬಲವಾದದ್ದು. ಅದರೊಳಗೆ ಈ ಪುಟ್ಟ ಕಾಂತಗಳು ಒಂದು ದಿಕ್ಕಿಗೆ ವಾಲುತ್ತವೆ. ಆಗ ಸರಿಯಾದ ಆವರ್ತನದ ರೇಡಿಯೋ ಅಲೆ ಬಿಟ್ಟರೆ ದಿಕ್ಕು ತಪ್ಪುತ್ತವೆ, ಅಲೆ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳುವಾಗ ಹೊಮ್ಮುವ ಸಂಕೇತವನ್ನು ಮಂಡಿಯ ಸುತ್ತ ಕಟ್ಟಿದ ಕಾಯಿಲ್ ಹಿಡಿಯುತ್ತದೆ. ಮರಳುವ ವೇಗ ಎಲ್ಲ ಕಡೆ ಒಂದೇ ಅಲ್ಲ. ಸಡಿಲವಾಗಿ ಓಡಾಡುವ ನೀರಿನ ಕಣಗಳು ನಿಧಾನ, ಕೊಬ್ಬಿನವು ಬೇಗ. ಈ ವ್ಯತ್ಯಾಸವೇ ಚಿತ್ರದಲ್ಲಿ ಕಪ್ಪು ಬಿಳುಪಾಗುತ್ತದೆ.

ಟಿ1, ಟಿ2 ಎಂಬ ಎರಡು ಬಗೆಯ ಚಿತ್ರಗಳನ್ನು ತೆಗೆಯುತ್ತೇವೆ. ಟಿ1 ಚಿತ್ರದಲ್ಲಿ ನೀರು ಕಪ್ಪಗೆ, ಕೊಬ್ಬು ಬೆಳ್ಳಗೆ. ಟಿ2 ಚಿತ್ರದಲ್ಲಿ ನೀರು ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಕೊಬ್ಬೂ ಒಂದಿಷ್ಟು ಹೊಳೆದು ಗೊಂದಲ ಮಾಡುವುದರಿಂದ ಅದರ ಸಂಕೇತವನ್ನು ಅಡಗಿಸಿದ ಚಿತ್ರಗಳನ್ನೂ ತೆಗೆಯುತ್ತೇವೆ. ಕತ್ತಲ ಹಿನ್ನೆಲೆಯಲ್ಲಿ ನೀರುಗಂಟು ದೀಪ ಹಚ್ಚಿಟ್ಟಂತೆ ಎದ್ದು ಕಾಣುವುದು ಅಂಥ ಚಿತ್ರದಲ್ಲೇ. ಗಂಟಿನೊಳಗೆ ಹಳೆಯ ರಕ್ತವೋ ಪ್ರೋಟೀನ್ ತುಂಬಿದ ಗಟ್ಟಿ ಲೋಳೆಯೋ ಇದ್ದರೆ ಟಿ1ರಲ್ಲೂ ಬೆಳ್ಳಗಾಗಬಹುದು, ಟಿ2ರಲ್ಲಿ ಮಂಕಾಗಬಹುದು. ಪಾಲ್ ಲಾಟರ್‌ಬರ್ ಈ ಬಗೆಯ ಚಿತ್ರದ ಮೊದಲ ಮಾದರಿಯನ್ನು 1973ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಇದ್ದದ್ದು ನೀರು ತುಂಬಿದ ಎರಡು ಸಣ್ಣ ಗಾಜಿನ ನಳಿಕೆಗಳು. ನೀರನ್ನು ಕಾಣುವುದು ಈ ತಂತ್ರದ ಹುಟ್ಟುಗುಣ. ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಒಳಗೆ ಎಷ್ಟು ಹೊತ್ತು ಮಲಗಬೇಕು? ನನಗೆ ಇಕ್ಕಟ್ಟಿನ ಜಾಗ ಅಂದ್ರೆ ಭಯ.

ಸಾಮಾನ್ಯವಾಗಿ 20ರಿಂದ 30 ನಿಮಿಷ. ಮಂಡಿಯ ಸ್ಕ್ಯಾನಿಗೆ ಕಾಲು ಮುಂದಾಗಿ ಒಳಗೆ ಹೋಗುವುದರಿಂದ ಹೆಚ್ಚಿನವರ ತಲೆ ಸುರಂಗದ ಬಾಯಿಯ ಬಳಿಯೋ ಹೊರಗೋ ಇರುತ್ತದೆ. ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಎಕ್ಸ್‌ರೇಯಂಥ ವಿಕಿರಣ ಇಲ್ಲ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಕಣ್ಣಿಗೆ ಎಂದಾದರೂ ಸಿಡಿದ ಕಬ್ಬಿಣದ ಚೂರು ಇದ್ದರೆ ಮೊದಲೇ ಹೇಳಲೇಬೇಕು. ಇನ್ನೊಂದು ಮಾತು: ಗಂಟು ಇರುವ ಜಾಗದ ಚರ್ಮದ ಮೇಲೆ ಗುರುತಿನ ಗುಳಿಗೆ ಅಂಟಿಸಲು ಟೆಕ್ನೀಷಿಯನ್‌ಗೆ ನೀವೇ ಕೈಯಿಟ್ಟು ತೋರಿಸಿ. ಸಣ್ಣ ಗಂಟು ಚಿತ್ರದ ಅಂಚಿನಾಚೆ ತಪ್ಪಿಹೋಗದಿರಲು ಇದರಿಂದ ಬಹಳ ಸಹಾಯ.

ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕು ಅಂದರು. ಎಲ್ಲರಿಗೂ ಕೊಡ್ತಾರಾ?

ಇಲ್ಲ. ಎಂದಿನ ಜಾಗದಲ್ಲಿ, ಎಂದಿನ ರೂಪದಲ್ಲಿ, ಕತ್ತು ಸ್ಪಷ್ಟವಾಗಿ ಕಾಣುವ ಗಂಟಿಗೆ ಅದರ ಅಗತ್ಯ ಬೀಳುವುದಿಲ್ಲ. ಈ ಬೆಳ್ಳಗಿನದು ನಿಜವಾಗಿ ನೀರೇ ಎಂಬ ಸಂಶಯ ಬಂದಾಗ ಗ್ಯಾಡೋಲಿನಿಯಮ್ ಇರುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತೇವೆ. ಅದು ರಕ್ತ ಹರಿಯುವ ಕಡೆಗೆಲ್ಲ ಹೋಗುತ್ತದೆ. ನೀರಿನ ಗಂಟಾದರೆ ಹೊರಗೋಡೆ ಮಾತ್ರ ಬಳೆಯಂತೆ ಹೊಳೆಯುತ್ತದೆ, ಒಳಗೆ ಕತ್ತಲೆ ಉಳಿಯುತ್ತದೆ. ಒಳಗೆಲ್ಲ ಹೊಳೆದರೆ ಅಲ್ಲಿ ಜೀವಕೋಶಗಳ ಗೆಡ್ಡೆ ಇದೆ ಎಂದರ್ಥ. ಮೂತ್ರಪಿಂಡ ತೀರಾ ಕುಗ್ಗಿದವರಿಗೆ ಹಳೆಯ ಬಗೆಯ ಕೆಲವು ಗ್ಯಾಡೋಲಿನಿಯಮ್ ಔಷಧಿಗಳಿಂದ ಚರ್ಮ ಮತ್ತು ಅಂಗಗಳು ಗಡುಸಾಗುವ ಕಾಯಿಲೆ ಬಂದದ್ದಿದೆ. ಅದಕ್ಕೇ ಮೂತ್ರಪಿಂಡದ ತೊಂದರೆ ಇದ್ದರೆ, ಗರ್ಭಿಣಿಯಾಗಿದ್ದರೆ ಮುಂಚಿತವಾಗಿ ತಿಳಿಸಿ.

ಮಂಡಿ ಬದಲಾಯಿಸಿದ್ದಾರೆ. ಲೋಹ ಇದ್ದರೆ ಎಂಆರ್‌ಐ ಆಗುತ್ತಾ?

ಸಾಮಾನ್ಯವಾಗಿ ಮಾಡಬಹುದು, ಈಗಿನ ಕೃತಕ ಮಂಡಿಗಳನ್ನು ಕಾಂತ ಎಳೆದು ಕಿತ್ತುಹಾಕುವುದಿಲ್ಲ. ತೊಡಕಿರುವುದು ಚಿತ್ರದಲ್ಲಿ. ಲೋಹದ ಸುತ್ತ ಕಾಂತಕ್ಷೇತ್ರ ಕೆಟ್ಟು ಕಪ್ಪು ಗುಂಡಿ, ಸುತ್ತ ಬಿಳಿ ಗೆರೆ ಮೂಡುತ್ತವೆ. ಇದನ್ನು ತಗ್ಗಿಸುವ ವಿಶೇಷ ವಿಧಾನಗಳಿವೆ, ಮೊದಲೇ ತಿಳಿಸಿದರೆ ಬಳಸುತ್ತಾರೆ. ಗಂಟು ಮಂಡಿಯ ಹಿಂದೆ ಇದ್ದರೆ ಮೊದಲು ಅಲ್ಟ್ರಾಸೌಂಡ್ ಮಾಡಿಸುವುದು ಜಾಣತನ.

## ವರದಿ ಕೈಗೆ ಬಂದಾಗ

ನನಗೆ ನೋವಿರೋದು ಮಂಡಿ ಮುಂದೆ. ವರದಿಯಲ್ಲಿ ಹಿಂದೆ ಬೇಕರ್ ಸಿಸ್ಟ್ ಇದೆ ಅಂತ ಬರೆದಿದ್ದಾರೆ. ನೋವು ಅದರಿಂದಲೇನಾ?

ಬಹುಶಃ ಅಲ್ಲ. ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನಿನಲ್ಲಿ ಸಣ್ಣ ಬೇಕರ್ ಸಿಸ್ಟ್ ಕಾಣುವುದು ದಿನವೂ ನಡೆಯುವ ಸಂಗತಿ. ಕಂಡದ್ದನ್ನು ಬರೆಯುವುದು ನಮ್ಮ ಕರ್ತವ್ಯ, ಬರೆದದ್ದೆಲ್ಲ ನೋವಿನ ಕಾರಣವಾಗಿರಬೇಕಿಲ್ಲ. ಮುಂಭಾಗದ ನೋವಿಗೆ ಮಂಡಿಚಿಪ್ಪಿನ ಕಾರ್ಟಿಲೇಜ್, ಅದರ ಕೆಳಗಿನ ಕೊಬ್ಬಿನ ಮೆತ್ತೆ, ಪಟೆಲ್ಲಾ ರಜ್ಜು, ಮುಂದಿನ ಬರ್ಸಾಗಳು ಹೇಗಿವೆ ಎಂದು ಅದೇ ವರದಿಯಲ್ಲಿ ಓದಿ. ಸಿಸ್ಟ್‌ನ ಸಾಲಿನ ಹಿಂದುಮುಂದಿನ ಸಾಲುಗಳಲ್ಲೇ ಉತ್ತರ ಇರುತ್ತದೆ.

ನೀರು ತೆಗೆಸಿದೆ, ಎರಡೇ ತಿಂಗಳಿಗೆ ಮತ್ತೆ ತುಂಬಿಕೊಂಡಿತು. ಸರಿಯಾಗಿ ತೆಗೆದಿಲ್ವಾ?

ತೆಗೆದವರ ತಪ್ಪಲ್ಲ. ನಲ್ಲಿ ತೆರೆದೇ ಇಟ್ಟು ನೆಲ ಒರೆಸಿದರೆ ನೆಲ ಒಣಗುವುದೇ? ಕೀಲಿಗೂ ಚೀಲಕ್ಕೂ ನಡುವಿನ ಕಂಡಿ ಬಹಳ ಜನರಲ್ಲಿ ಒಮ್ಮುಖ ಕವಾಟದಂತೆ ಕೆಲಸ ಮಾಡುತ್ತದೆ. ನಡೆಯುವಾಗ ಕೀಲಿನ ಒತ್ತಡಕ್ಕೆ ನೀರು ಚೀಲಕ್ಕೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಚೀಲದಲ್ಲಿ ಉಳಿದ ನೀರಿನ ತೆಳು ಭಾಗ ಹೀರಿಹೋಗಿ ಮಿಕ್ಕಿದ್ದು ಲೋಳೆಯಾಗುತ್ತದೆ. ಕೀಲು ನೀರು ಸುರಿಸುತ್ತಿರುವುದು ಏಕೆ? ಸಂಧಿವಾತ, ಮೆನಿಸ್ಕಸ್ ಸೀಳು, ಕಾರ್ಟಿಲೇಜ್ ಸವೆತ, ರುಮಟಾಯ್ಡ್ ಕಾಯಿಲೆ ಇವುಗಳಲ್ಲಿ ಯಾವುದು ಎಂಬುದನ್ನು ಎಂಆರ್‌ಐ ಹೇಳುತ್ತದೆ. ಆ ಮೂಲಕ್ಕೆ ಚಿಕಿತ್ಸೆ ಆಗದೆ ಚೀಲವನ್ನಷ್ಟೇ ಬರಿದು ಮಾಡಿದರೆ, ಚೀಲವನ್ನೇ ಕತ್ತರಿಸಿ ತೆಗೆದರೂ ಸಹ, ಮತ್ತೆ ಬರುವ ಸಾಧ್ಯತೆ ಉಳಿದೇ ಇರುತ್ತದೆ. ಗಂಟು ಅಡ್ಡಿಯಾಗಿ ನೋಯುತ್ತಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ನೀರು ತೆಗೆದು ಸ್ಟಿರಾಯ್ಡ್ ಹಾಕುವುದರಿಂದ ಕೆಲಕಾಲ ಒಳ್ಳೆಯ ಆರಾಮ ಸಿಗುವುದು ನಿಜ, ಅದನ್ನು ಬೇಡ ಎನ್ನುತ್ತಿಲ್ಲ.

ಅಪ್ಪನ ಮೀನಖಂಡ ರಾತ್ರೋರಾತ್ರಿ ಊದಿ ಕೆಂಪಾಯಿತು. ಒಬ್ಬರು ಸಿಸ್ಟ್ ಒಡೆದಿದೆ ಅಂದರು, ಇನ್ನೊಬ್ಬರು ರಕ್ತ ಹೆಪ್ಪುಗಟ್ಟಿದೆ ಅಂದರು. ಯಾರನ್ನು ನಂಬೋದು?

ಇಬ್ಬರೂ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ, ಉತ್ತರ ಪರೀಕ್ಷೆಯಿಂದ ಬರಬೇಕು. ಈ ಪುಟದಲ್ಲಿ ಮನಸ್ಸಿಟ್ಟು ಓದಬೇಕಾದ ಉತ್ತರ ಇದು. ಬೇಕರ್ ಸಿಸ್ಟ್ ಒಡೆದಾಗ ಒಳಗಿನ ನೀರು ಮೀನಖಂಡದ ಸ್ನಾಯುಗಳ ನಡುವಿನ ಪದರಗಳಿಗೆ ಸೋರುತ್ತದೆ. ಆ ನೀರು ಅಂಗಾಂಶವನ್ನು ಕೆರಳಿಸುತ್ತದೆ. ಊತ, ಬಿಸಿ, ಕೆಂಪು, ನೋವು ಎಲ್ಲವೂ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ ಕಾಣುವಂತೆಯೇ ಕಾಣುತ್ತವೆ. ಕೆಲವರಿಗೆ ಒಂದೆರಡು ದಿನದಲ್ಲಿ ಹಿಮ್ಮಡಿಗಂಟಿನ ಕೆಳಗೆ ಅರ್ಧಚಂದ್ರದ ಹಾಗೆ ನೀಲಿ ಕಲೆ ಮೂಡುತ್ತದೆ, ಅದು ಒಡೆದದ್ದರ ಸುಳಿವು.

ಆದರೆ ಕಣ್ಣಂದಾಜು ಇಲ್ಲಿ ಸಾಲದು. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಹೆಪ್ಪಿಲ್ಲದವರಿಗೆ ರಕ್ತ ತೆಳುಮಾಡುವ ಔಷಧಿ ಕೊಟ್ಟರೆ ಒಡೆದ ಜಾಗದಲ್ಲಿ ರಕ್ತಸ್ರಾವ ಆಗಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು. ದೊಡ್ಡ ಸಿಸ್ಟ್ ಅಭಿಧಮನಿಯನ್ನು ಒತ್ತಿ ಹೆಪ್ಪಿಗೆ ದಾರಿ ಮಾಡಿಕೊಡುತ್ತದೆ. ಹಾಗಾಗಿ ಅದೇ ದಿನ, ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಮಾಡಿಸಿ. ಎದೆನೋವು, ಉಸಿರುಕಟ್ಟುವುದು ಇದ್ದರೆ ನೇರ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಎಂಆರ್‌ಐ ಮಾಡಿದರೆ ಒಡೆದ ಸಿಸ್ಟ್‌ನ ದುಂಡು ಕೆಳ ಅಂಚು ಚೂಪಾಗಿರುವುದು, ಅಲ್ಲಿಂದ ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯುವಿನ ಮೇಲ್ಮೈಗುಂಟ ನೀರು ಕೆಳಗಿಳಿದಿರುವುದು ಟಿ2 ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಡೆದ ಚೀಲ ಕುಗ್ಗಿಹೋಗಿ ಗಂಟೇ ಕಾಣದಿರಬಹುದು. ಆಗ ಸೆಮಿಮೆಂಬ್ರನೋಸಸ್, ಗ್ಯಾಸ್ಟ್ರಾಕ್ನೀಮಿಯಸ್ ರಜ್ಜುಗಳ ನಡುವೆ ಉಳಿದ ಕತ್ತಿನ ಗುರುತನ್ನು ಹುಡುಕಬೇಕು.

ಮಂಡಿಯ ಹೊರಮಗ್ಗುಲಲ್ಲಿ ಕಡಲೆಕಾಳಿನಷ್ಟು ಗಟ್ಟಿ ಉಬ್ಬು. ವರದಿಯಲ್ಲಿ ಮೆನಿಸ್ಕಸ್ ಸಿಸ್ಟ್ ಅಂತಿದೆ. ಗಂಟನ್ನಷ್ಟೇ ತೆಗೆದರೆ ಸಾಲದೇ?

ಸಾಲದು. ತೊಡೆಮೂಳೆಗೂ ಮಂಡಿಯ ಕೆಳಗಿನ ಟಿಬಿಯಾ ಮೂಳೆಗೂ ನಡುವೆ ಅರ್ಧಚಂದ್ರದ ಎರಡು ಮೆತ್ತೆಗಳಿವೆ, ಅವೇ ಮೆನಿಸ್ಕಸ್. ಮೆತ್ತೆ ಅಡ್ಡಡ್ಡಲಾಗಿ, ಪುಸ್ತಕದ ಹಾಳೆ ಬಿಡಿಸಿದಂತೆ ಸೀಳಿದಾಗ, ಕೀಲಿನ ನೀರು ಆ ಸೀಳಿನ ಮೂಲಕ ಹೊರಗೆ ತಳ್ಳಲ್ಪಟ್ಟು ಅಂಚಿನಲ್ಲಿ ಶೇಖರವಾಗುತ್ತದೆ. ಹೊರಮಗ್ಗುಲಲ್ಲಿ ಚರ್ಮದ ಕೆಳಗೆ ಮಾಂಸ ಕಡಿಮೆ, ಹಾಗಾಗಿ ಸಣ್ಣದಿದ್ದರೂ ಕೈಗೆ ಸಿಗುತ್ತದೆ. ಒಳಮಗ್ಗುಲಿನವು ಕೈಗೆ ಸಿಗದೆ ದೊಡ್ಡದಾಗುತ್ತವೆ, ದಾರಿ ಹುಡುಕಿಕೊಂಡು ಸೀಳಿನಿಂದ ಸಾಕಷ್ಟು ದೂರ ಹೋಗಿ ಕೂರುತ್ತವೆ.

ಎಂಆರ್‌ಐ ಓದುವಾಗ ನಾನು ಗಂಟಿನಿಂದ ಶುರುಮಾಡಿ ಹಿಂದಕ್ಕೆ ನಡೆಯುತ್ತೇನೆ: ಬೆಳ್ಳಗಿನ ಗೆರೆ ಮೆತ್ತೆಯವರೆಗೆ ಹೋಗಿ, ಮೆತ್ತೆಯೊಳಗಿನ ಸೀಳಿನ ಗೆರೆಯ ಜೊತೆ ಕೂಡುತ್ತದೆಯೇ? ಕೂಡಿದರೆ ಶಸ್ತ್ರವೈದ್ಯರು ಕೀಲಿನೊಳಗಿಂದಲೇ, ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸುವ ಆರ್ತ್ರೋಸ್ಕೋಪಿಯಲ್ಲಿ ಸೀಳನ್ನು ಸರಿಮಾಡಿ, ಅದೇ ದಾರಿಯಿಂದ ಗಂಟನ್ನು ಬರಿದು ಮಾಡಬಹುದು. ಹೊರಗಿನಿಂದ ಗಂಟನ್ನು ಮಾತ್ರ ತೆಗೆದರೆ ಸೀಳು ಹಾಗೇ ಉಳಿಯುತ್ತದೆ, ಗಂಟು ಮರಳುತ್ತದೆ. ಹೊರ ಮೆನಿಸ್ಕಸ್‌ನ ಮುಂಕೊಂಬಿನ, ಅಂದರೆ ಮುಂತುದಿಯ, ಬಳಿಯ ಸಿಸ್ಟ್‌ಗಳಲ್ಲಿ ಮಾತ್ರ ಎಷ್ಟು ಹುಡುಕಿದರೂ ಸೀಳು ಕಾಣದಿರುವುದು ಹೆಚ್ಚು. ಅಲ್ಲಿ ಇಲ್ಲದ ಸೀಳನ್ನು ಬರೆದು ಶಸ್ತ್ರಚಿಕಿತ್ಸೆಗೆ ಕಳಿಸಬಾರದು.

ನೆಲಕ್ಕೆ ಮಂಡಿಯೂರಿ ಟೈಲ್ಸ್ ಹಾಕೋ ಕೆಲಸ ನನ್ನದು. ಮಂಡಿಚಿಪ್ಪಿನ ಮೇಲೇ ಊದಿಕೊಂಡಿದೆ.

ಮಂಡಿಚಿಪ್ಪಿನ ಮುಂದಿನ ಬರ್ಸಾ ಉಬ್ಬಿದೆ. ಮಂಡಿಯೂರುವ ಎಲ್ಲ ಕೆಲಸದವರಿಗೂ ಬರುವಂಥದ್ದು, ಮೆತ್ತೆ ಕಟ್ಟಿಕೊಂಡು ಕೆಲಸ ಮಾಡಿದರೆ ಇಳಿಯುತ್ತದೆ. ಇದಕ್ಕೆ ಎಂಆರ್‌ಐ ಬೇಕಾಗುವುದು ಅಪರೂಪ. ಬಿಸಿ, ಕೆಂಪು, ಜ್ವರ ಇದ್ದರೆ ಕೀವಾಗಿರಬಹುದು. ಅದನ್ನು ಖಚಿತ ಮಾಡುವುದು ಸೂಜಿ ಹಾಕಿ ತೆಗೆದ ನೀರಿನ ಪರೀಕ್ಷೆ.

ಮೂಳೆಯೊಳಗೇ ಸಿಸ್ಟ್‌ಗಳಿವೆ ಅಂತ ಬರೆದಿದ್ದಾರೆ. ಮೂಳೆ ಮುರಿದುಹೋಗುತ್ತಾ?

ಆ ಭಯ ಸಾಮಾನ್ಯವಾಗಿ ಬೇಡ. ಕಾರ್ಟಿಲೇಜ್ ಸವೆದ ಜಾಗದ ನೇರ ಕೆಳಗೆ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಾಗುವುದು ಕೀಲು ಸವೆತದ ಭಾಗವೇ. ಲಿಗಮೆಂಟುಗಳು ಮೂಳೆಗೆ ಅಂಟುವ ಜಾಗದಲ್ಲೂ ಇಂಥವು ಕಾಣುತ್ತವೆ, ಹೆಚ್ಚಿನವು ಯಾರಿಗೂ ತೊಂದರೆ ಕೊಡುವುದಿಲ್ಲ. ಸವೆತವೇ ಇಲ್ಲದ ಮಂಡಿಯಲ್ಲಿ ಒಂಟಿಯಾಗಿ ದೊಡ್ಡ ಗುಳಿ ಕಂಡರೆ ಎಕ್ಸ್‌ರೇ ಜೊತೆ ಹೋಲಿಸಿ ನೋಡಬೇಕು.

## ಓದುವವರಿಗೆ, ಕಲಿಯುವವರಿಗೆ

ಮಂಡಿಯ ಒಳಮಗ್ಗುಲಲ್ಲಿ ನೀರು ಕಂಡರೆ ಪೆಸ್ ಆನ್ಸರಿನ್ ಬರ್ಸಾ ಅಂತ ಬರೆದುಬಿಡ್ತೀನಿ. ಮೇಡಂ ಪ್ರತಿಸಲ ತಿದ್ದುತ್ತಾರೆ. ಹೇಗೆ ಬೇರೆ ಮಾಡೋದು?

ಎತ್ತರವನ್ನು ಮೊದಲು ನೋಡಿ. ಸಾರ್ಟೋರಿಯಸ್, ಗ್ರ್ಯಾಸಿಲಿಸ್, ಸೆಮಿಟೆಂಡಿನೋಸಸ್ ಈ ಮೂರು ರಜ್ಜುಗಳ ಅಡಿಯಲ್ಲಿ, ಕೀಲಿನ ಗೆರೆಯಿಂದ ಕೆಲವು ಸೆಂಟಿಮೀಟರ್ ಕೆಳಗೆ ಟಿಬಿಯಾ ಮೇಲೆ ನೀರಿದ್ದರೆ ಪೆಸ್ ಆನ್ಸರಿನ್. ಕೀಲಿನ ಮಟ್ಟದಲ್ಲಿ, ಹಿಂಬದಿಗೆ, ಸೆಮಿಮೆಂಬ್ರನೋಸಸ್ ರಜ್ಜುವನ್ನು ತಲೆಕೆಳಗಾದ ಲಾಳದಂತೆ ಸುತ್ತಿಕೊಂಡಿದ್ದರೆ ಅದು ಆ ರಜ್ಜುವಿಗೂ ಒಳ ಪಾರ್ಶ್ವ ಲಿಗಮೆಂಟಿಗೂ ನಡುವಿನ ಬರ್ಸಾ. ಒಳ ಲಿಗಮೆಂಟಿನ ಎರಡು ಪದರಗಳ ನಡುವೆ ಉದ್ದಕ್ಕೆ ನಿಂತಿದ್ದರೆ ಅದರದೇ ಬರ್ಸಾ. ಮೆನಿಸ್ಕಸ್‌ಗೆ ಮೂತಿ ಚಾಚಿ ತಾಗಿದ್ದರೆ ಮೆನಿಸ್ಕಸ್ ಸಿಸ್ಟ್ ಎಂದುಕೊಂಡು ಸೀಳನ್ನು ಹುಡುಕಿ. ಅಡ್ಡಕೊಯ್ತದ ಒಂದೇ ಚಿತ್ರದಲ್ಲಿ ಇವೆಲ್ಲ ಒಂದೇ ತರಹ ಕಾಣುತ್ತವೆ. ಮೂರೂ ದಿಕ್ಕಿನ ಚಿತ್ರಗಳನ್ನು ಒಟ್ಟಿಗೆ ಸರಿಸುತ್ತಾ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಮುಂದಿನ ಕ್ರೂಸಿಯೇಟ್ ಲಿಗಮೆಂಟ್ ದಪ್ಪಗೆ, ಬೆಳ್ಳಗೆ ಇತ್ತು. ಹರಿದಿದೆ ಅಂತ ಬರೆದೆ. ಆರ್ತ್ರೋಸ್ಕೋಪಿಯಲ್ಲಿ ಗಟ್ಟಿಯಾಗೇ ಇತ್ತಂತೆ.

ಇದು ಅನೇಕರು ಬಿದ್ದಿರುವ ಗುಂಡಿ. ಕ್ರೂಸಿಯೇಟ್ ಎಂದರೆ ಕೀಲಿನ ನಡುವೆ ಕತ್ತರಿಯಂತೆ ಹಾಯುವ ಎರಡು ಲಿಗಮೆಂಟುಗಳು, ಒಂದು ಮುಂದಿನದು, ಒಂದು ಹಿಂದಿನದು. ಲಿಗಮೆಂಟಿನ ನಾರುಗಳ ನಡುವೆ ಲೋಳೆ ಸೇರಿಕೊಂಡು ಅದು ಊದಿದಾಗ ಟಿ2ರಲ್ಲಿ ಬೆಳ್ಳಗಾಗುತ್ತದೆ, ಟಿ1ರಲ್ಲಿ ನಾರುಗಳು ಮಸುಕಾಗುತ್ತವೆ. ಕೊಬ್ಬು ಅಡಗಿಸಿದ ಚಿತ್ರದಲ್ಲಿ ದೃಷ್ಟಿಯಿಟ್ಟು ನೋಡಿದರೆ ನಾರುಗಳು ತುದಿಯಿಂದ ತುದಿಗೆ ಕಡಿಯದೆ ಎಳೆ ಎಳೆಯಾಗಿ ಸಾಗಿರುತ್ತವೆ, ದಿಕ್ಕೂ ಬದಲಾಗಿರುವುದಿಲ್ಲ. ಪೆಟ್ಟಿನ ಇತಿಹಾಸ ಇಲ್ಲ, ಮಂಡಿ ಜಾರುವುದಿಲ್ಲ, ಹರಿದಾಗ ಕಾಣುವ ಮೂಳೆಯ ಜಜ್ಜುಗುರುತೂ ಇಲ್ಲ. ಅದೇ ಲೋಳೆ ಒಂದು ಕಡೆ ಸೇರಿ ಕದಿರಿನಾಕಾರದ ಗಂಟಾದರೆ ಗ್ಯಾಂಗ್ಲಿಯಾನ್. ರೋಗಿಯನ್ನು ಒಂದು ಮಾತು ಕೇಳಿ: ಕಾಲು ಪೂರ್ತಿ ಚಾಚುವಾಗ ಕೊನೆಯಲ್ಲಿ ತಡೆಯುತ್ತದೆಯೋ, ಪೂರ್ತಿ ಮಡಿಸುವಾಗಲೋ? ಮುಂದಿನ ಲಿಗಮೆಂಟಿನ ಗಂಟು ಚಾಚುವುದಕ್ಕೆ, ಹಿಂದಿನದರ ಗಂಟು ಮಡಿಸುವುದಕ್ಕೆ ಅಡ್ಡ ಬರುವುದು ಹೆಚ್ಚು.

ನೀರು ಅಂದುಕೊಂಡದ್ದು ನೀರಾಗಿರದೆ ಹೋದರೆ? ನಿಮ್ಮನ್ನು ಯಾವ ಗಂಟು ಹೆದರಿಸುತ್ತದೆ?

ಮಂಡಿಯ ಹಿಂದೆ ಇದ್ದು, ಸೆಮಿಮೆಂಬ್ರನೋಸಸ್, ಗ್ಯಾಸ್ಟ್ರಾಕ್ನೀಮಿಯಸ್ ರಜ್ಜುಗಳ ನಡುವೆ ಕತ್ತು ಇಲ್ಲದ ಗಂಟು. ಜಾಗ ಹತ್ತಿರ ಇದೆ ಎಂದು ಬೇಕರ್ ಸಿಸ್ಟ್ ಎನ್ನುವುದು ಈ ಕೆಲಸದ ಅತಿ ದುಬಾರಿ ತಪ್ಪು.

ಸೈನೋವಿಯಲ್ ಸಾರ್ಕೋಮಾ ಹದಿಹರೆಯದವರಲ್ಲಿ, ಯುವಕರಲ್ಲಿ, ಮಂಡಿಯ ಸುತ್ತ ಬರುವ ಕ್ಯಾನ್ಸರ್. ನಿಧಾನ ಬೆಳೆಯುತ್ತದೆ, ಅಂಚು ನುಣುಪಾಗಿರಬಹುದು, ಟಿ2ರಲ್ಲಿ ಬೆಳ್ಳಗಿರಬಹುದು. ವರ್ಷಗಟ್ಟಲೆ ಸಿಸ್ಟ್ ಎಂಬ ಹೆಸರಿನಲ್ಲೇ ಉಳಿದುಬಿಡುವ ಗುಣ ಇದಕ್ಕಿದೆ. ಎಕ್ಸ್‌ರೇಯಲ್ಲಿ ಸುಣ್ಣದ ಚುಕ್ಕಿಗಳು ಕಂಡರೆ ಎಚ್ಚರವಾಗಿ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕೋಶಗಳ ಕ್ಯಾನ್ಸರ್ ನೀರಿನಷ್ಟೇ ಹೊಳೆಯುತ್ತದೆ, ಟಿ1ರಲ್ಲಿ ಕೊಬ್ಬಿನ ತೆಳು ಎಳೆಗಳನ್ನು ಹುಡುಕಬೇಕು. ನರದ ಗೆಡ್ಡೆಯಾದರೆ ಎರಡೂ ತುದಿಯಲ್ಲಿ ನರ ಬಾಲದಂತೆ ಹೊರಡುತ್ತದೆ. ಇವೆಲ್ಲ ಕಾಂಟ್ರಾಸ್ಟ್ ಕೊಟ್ಟಾಗ ಒಳಗೆ ಹೊಳೆದು ಸಿಕ್ಕಿಬೀಳುತ್ತವೆ. ಸೈನೋವಿಯಲ್ ಪೊರೆಯ ದೈತ್ಯಕೋಶದ ಗೆಡ್ಡೆಯಲ್ಲಿ ಹಳೆಯ ರಕ್ತದ ಕಬ್ಬಿಣ ತುಂಬಿ ಎಲ್ಲ ಚಿತ್ರದಲ್ಲೂ ಕಡುಗಪ್ಪು ಕಲೆಗಳಿರುತ್ತವೆ.

ಇನ್ನೊಂದು, ಮಂಡಿಯ ಹಿಂದೆ ಹಾಯುವ ಪಾಪ್ಲಿಟಿಯಲ್ ಅಪಧಮನಿಯ ಉಬ್ಬು. ಹರಿಯುವ ರಕ್ತ ಸಂಕೇತ ಕೊಡದೆ ಕಪ್ಪಾಗಿ ಕಾಣುವುದು, ಮಿಡಿತದಿಂದ ಚಿತ್ರದ ಅಡ್ಡಕ್ಕೆ ನೆರಳುಗೆರೆಗಳು ಬೀಳುವುದು ಇದರ ಸುಳಿವು. ಒಂದು ಕಾಲಿನಲ್ಲಿ ಕಂಡರೆ ಇನ್ನೊಂದನ್ನೂ ನೋಡಲೇಬೇಕು. ಇದಕ್ಕೆ ಸಿಸ್ಟ್ ಎಂದು ಸೂಜಿ ಹಾಕಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಗಟ್ಟಿ ಗೆಡ್ಡೆಯ ಸಂಶಯ ಇದ್ದಾಗಲೂ ಅವಸರದಲ್ಲಿ ಸೂಜಿ ಬೇಡ. ಬಯಾಪ್ಸಿಯ ದಾರಿಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವವರೇ ನಿರ್ಧರಿಸಬೇಕು, ಆ ದಾರಿಯುದ್ದಕ್ಕೂ ಕೋಶಗಳು ಹರಡಿರಬಹುದು.

ಪಾದ ಮೇಲೆತ್ತಲು ಆಗದ ರೋಗಿ. ಬೆನ್ನಿನ ಎಂಆರ್‌ಐ ಸರಿಯಾಗೇ ಇದೆ. ಮಂಡಿಯ ಎಂಆರ್‌ಐಯಲ್ಲಿ ಏನು ನೋಡಲಿ?

ಮಂಡಿಯ ಕೆಳಗೆ ಹೊರಮಗ್ಗುಲಲ್ಲಿರುವ ತೆಳು ಮೂಳೆಯಾದ ಫಿಬುಲಾದ ಕತ್ತನ್ನು ಸುತ್ತಿಬರುವ ಕಾಮನ್ ಪೆರೋನಿಯಲ್ ನರವನ್ನು ನೋಡಿ. ಫಿಬುಲಾ ಮತ್ತು ಟಿಬಿಯಾ ಮೂಳೆಗಳು ಮೇಲ್ತುದಿಯಲ್ಲಿ ಸೇರುವ ಸಣ್ಣ ಕೀಲಿಗೆ ಈ ನರದಿಂದ ಒಂದು ತೆಳು ಕವಲು ಹೋಗುತ್ತದೆ. ಆ ಕೀಲಿನ ನೀರು ಕವಲಿನೊಳಗೆ ಹೊಕ್ಕು, ನರದ ಹೊದಿಕೆಯ ಅಡಿಯಲ್ಲೇ ಮೇಲಕ್ಕೆ ಹತ್ತಿ, ನರವನ್ನು ಒಳಗಿನಿಂದ ಹಿಸುಕುತ್ತದೆ. ಟಿ2ರಲ್ಲಿ ನರದ ದಾರಿಯುದ್ದಕ್ಕೂ ಕೊಳವೆಯಂತೆ ಬೆಳ್ಳಗಿನ ಗಂಟು, ಅದರ ಕೆಳತುದಿಯಿಂದ ಕೀಲಿನ ಕಡೆಗೆ ಸಣ್ಣ ಬಾಲ ಕಾಣಬೇಕು. ಆ ಬಾಲ ಕೂದಲೆಳೆಯಷ್ಟಿರುವುದರಿಂದ ದಪ್ಪ ಕೊಯ್ತದ ಚಿತ್ರದಲ್ಲಿ ಕಳೆದುಹೋಗುತ್ತದೆ. ತೆಳು ಕೊಯ್ತಗಳನ್ನು ಕೇಳಿ ತೆಗೆಸಿಕೊಳ್ಳಿ.

ಮಂಡಿಯ ಕೆಳಗೆ ಕಾಲಿನ ಮುಂಬದಿಯಲ್ಲಿರುವ, ಪಾದ ಎತ್ತುವ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯುವನ್ನೂ ನೋಡಿ. ನರದ ಸಂಪರ್ಕ ಇತ್ತೀಚೆಗೆ ತಪ್ಪಿದ್ದರೆ ಅದು ಟಿ2ರಲ್ಲಿ ಬೆಳ್ಳಗಿರುತ್ತದೆ. ಬಹಳ ಕಾಲವಾಗಿದ್ದರೆ ಸ್ನಾಯು ಸೊರಗಿ, ಟಿ1ರಲ್ಲಿ ಕೊಬ್ಬು ತುಂಬಿದ್ದು ಕಾಣುತ್ತದೆ. ಆ ಕವಲು ಎಲ್ಲಿ ಕೀಲನ್ನು ಸೇರುತ್ತದೆ ಎಂದು ವರದಿಯಲ್ಲಿ ಬಿಡಿಸಿ ಬರೆಯಿರಿ, ಏಕೆಂದರೆ ಶಸ್ತ್ರವೈದ್ಯರು ಕಡಿಯಬೇ‌ಕಾದದ್ದು ಅದನ್ನೇ. ವರದಿಯನ್ನು ಮೇಜಿನ ಮೇಲೆ ಬಿಡದೆ ಅದೇ ದಿನ ಅವರಿಗೆ ಫೋನ್ ಮಾಡಿ: ಸ್ನಾಯುವಿನಲ್ಲಿ ಕೊಬ್ಬು ತುಂಬುವ ಮುನ್ನ ನರದ ಒತ್ತಡ ಇಳಿದರೆ ಪಾದ ಮತ್ತೆ ಮೇಲೇಳುವ ಸಾಧ್ಯತೆ ಹೆಚ್ಚು.